ಮೇಲುಕೋಟೆ ರೈಡಿಗೆ ತಯಾರಿ: ಪಾಂಡವಪುರದ ಹತ್ತಿರ ಗಾಳಿ ಹೋಯಿತು

ನಮಸ್ಕಾರ. ಬರೀ ಕತ್ತಲೆ ಕಾಣಿಸುತ್ತಿದೆ ಅಲ್ವಾ? ಕ್ಯಾಮೆರಾ ಸರಿಯಾಗಿಯೇ ಇದೆ. ಬೆಳಿಗ್ಗೆ ಐದು ಗಂಟೆಗೆ ಕುವೆಂಪುನಗರ ಹೀಗೇ ಇರುತ್ತದೆ. ಆ ಒಂದು ಬೆಳಕು ಹಾಲಿನ ಬೂತಿನದು. ಹಿಂದೆ ಕೇಳಿಸಿದ ದನಿ ನಮ್ಮತ್ತೆಯದು, "ಸ್ವೆಟರ್ ಹಾಕ್ಕೊಂಡ್ಯಾ?" ಅಂತ ಕೇಳುತ್ತಿದ್ದಾರೆ. ಹತ್ತು ನಿಮಿಷಕ್ಕೆಲ್ಲ ಬೆವರು ಸುರಿಯುತ್ತದೆ ಅತ್ತೆ ಅಂದರೆ ನಂಬುವುದಿಲ್ಲ.

ಹೊಸದಾಗಿ ನೋಡುತ್ತಿರುವವರಿಗೆ ಬೇಗ ಹೇಳಿಬಿಡುತ್ತೇನೆ. ನವೆಂಬರಿನಲ್ಲಿ ಒಂದು ಚಾರಿಟಿ ಸೈಕಲ್ ರೈಡ್ ಇದೆ. ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮೇಲೆ ಮೇಲುಕೋಟೆ. ಅದೇ ದಾರಿಯಲ್ಲಿ ವಾಪಸ್. ಎರಡೂ ಸೇರಿ ನೂರು ಕಿಲೋಮೀಟರ್ ಆಸುಪಾಸು. ಓಡಿಸುವವರೆಲ್ಲ ಗೊತ್ತಿದ್ದವರ ಹತ್ತಿರ ದುಡ್ಡು ಸೇರಿಸಬೇಕು. ಆ ದುಡ್ಡಲ್ಲಿ ಬಸ್ ಸರಿಯಾಗಿ ಬರದ ಹಳ್ಳಿಗಳ ಹೈಸ್ಕೂಲ್ ಮಕ್ಕಳಿಗೆ ಸೈಕಲ್ ಕೊಡಿಸುತ್ತಾರೆ. ನಮ್ಮಲ್ಲಿ 2006-07ರಿಂದ ಸರ್ಕಾರವೇ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು, ನೆನಪಿದೆಯಾ? ಸಾಲಾಗಿ ಒಂದೇ ಬಣ್ಣದ ಸೈಕಲ್ಲುಗಳು, ಮುಂದೆ ಬುಟ್ಟಿ. ಕೋವಿಡ್ ಬಂದ ಮೇಲೆ ಅದು ನಿಂತಿತು. ಬಸ್ ಬರದ ಊರಲ್ಲಿ ಮಕ್ಕಳು ಮಾತ್ರ ಈಗಲೂ ನಡೆಯುತ್ತಿದ್ದಾರೆ.

ಈ ತಿರುವಿನಲ್ಲಿ ಸ್ವಲ್ಪ ಸುಮ್ಮನಿರುತ್ತೇನೆ. ನಾಯಿಗಳಿವೆ. ಜೋರಾಗಿ ತುಳಿದರೆ ಅವೂ ಜೋರಾಗಿ ಓಡಿ ಬರುತ್ತವೆ. ಇಳಿದುಬಿಡಬೇಕು. ಸೈಕಲನ್ನು ನಡುವೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆದರೆ ಅವಕ್ಕೇ ಬೇಜಾರಾಗುತ್ತದೆ. ನೋಡಿ, ಹೋದವು.

ವಾರದ ದಿನ ಒಂದು ಗಂಟೆ ಅಷ್ಟೇ. ರಿಂಗ್ ರೋಡಿನ ಒಂದು ತುಂಡು, ಇಲ್ಲದಿದ್ದರೆ ಚಾಮುಂಡಿ ಬೆಟ್ಟ. ಪೂರ್ತಿ ರಿಂಗ್ ರೋಡ್ ಸುಮಾರು 42 ಕಿಲೋಮೀಟರ್. ಅದನ್ನು ಸುತ್ತಿ ಬಂದು ಆಮೇಲೆ ಆಫೀಸಿಗೆ ಹೋಗುವ ಶಕ್ತಿ ನನಗಿಲ್ಲ. ಶನಿವಾರ ರೆಸ್ಟ್, ಭಾನುವಾರ ಉದ್ದದ ರೈಡ್. ವಾರ ವಾರ ದೂರವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುವುದು, ನಡುವೆ ಒಂದು ವಾರ ಇಳಿಸುವುದು. ಇದಕ್ಕೆ ತಿಂಗಳಿಗೆ ಮೂರು ಸಾವಿರ ಕೊಟ್ಟು ಆನ್‌ಲೈನ್ ಕೋಚ್ ಇಟ್ಟುಕೊಂಡವರು ನಮ್ಮ ಗುಂಪಿನಲ್ಲಿದ್ದಾರೆ. ಕೋಚ್ ಹೇಳುವುದೂ ಇದನ್ನೇ. ಆ ದುಡ್ಡಿಗೆ ಮೇಲುಕೋಟೆಯಲ್ಲಿ ಎಷ್ಟು ಪ್ಲೇಟ್ ಪುಳಿಯೋಗರೆ ಬರುತ್ತದೆ, ಲೆಕ್ಕ ಹಾಕಿ.

ಪುಳಿಯೋಗರೆ ಅಂದ ಮೇಲೆ ಒಂದು ಮಾತು. ಪ್ಯಾಕೆಟ್ಟಿನ ಪುಡಿ ಕಲಸಿ "ಮೇಲುಕೋಟೆ ಪುಳಿಯೋಗರೆ" ಅಂತ ಬೋರ್ಡ್ ಹಾಕುವವರಿದ್ದಾರಲ್ಲ, ಅವರಿಗೆ ಒಂದೇ ಒಂದು ಸಲ ಅಲ್ಲಿನ ಗೊಜ್ಜು ತಿನ್ನಿಸಬೇಕು. ಹುಣಸೆಹಣ್ಣು ಕುದ್ದು ಕುದ್ದು ಕಪ್ಪಾಗಿರಬೇಕು, ಎಳ್ಳು ಹದವಾಗಿ ಹುರಿದಿರಬೇಕು, ಎಣ್ಣೆ... ಅಯ್ಯೋ, ಶಾಟ್ ಮುಗಿಯಿತು. ಮುಂದೆ ಹೋಗೋಣ.

ಇದು ಭಾನುವಾರದ್ದು. ಶ್ರೀರಂಗಪಟ್ಟಣ ದಾಟುತ್ತಿದ್ದೇವೆ. ಎಡಗಡೆ ಕಲ್ಲಿನ ಕಂಬಗಳು ಕಾಣಿಸುತ್ತಿವೆಯಲ್ಲ, ಅದು ವೆಲ್ಲೆಸ್ಲಿ ಸೇತುವೆ. 1804ರಲ್ಲಿ ಮುಗಿದದ್ದು, ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು. ಎಷ್ಟೋ ಸಲ ಕಾವೇರಿ ಅದರ ಮೇಲೆಯೇ ಹರಿದಿದ್ದಾಳೆ. ಇನ್ನೂ ನಿಂತಿದೆ. ನಮ್ಮ ಮನೆ ಮುಂದಿನ ಚರಂಡಿಯ ಚಪ್ಪಡಿ ಹಾಕಿ ಎರಡು ಮಳೆಗಾಲ ಆಗಿಲ್ಲ, ಆಗಲೇ ಎರಡು ಹೋಳಾಗಿದೆ.

ಇಲ್ಲಿಗೆ ಬರುವ ದಾರಿಯ ಬಗ್ಗೆ ಹೇಳಬೇಕು. 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಸೈಕಲ್ಲಿಗೂ ಪ್ರವೇಶವಿಲ್ಲ. ನಾನು ಅದಕ್ಕೆ ಬೇಜಾರು ಮಾಡಿಕೊಂಡಿಲ್ಲ. ಆ ವೇಗದಲ್ಲಿ ಕಾರು ಹೋಗುವ ಜಾಗದಲ್ಲಿ ನನಗೇನು ಕೆಲಸ? ಆದರೆ ಸರ್ವಿಸ್ ರಸ್ತೆಯಲ್ಲಿ ಎಲ್ಲರೂ ಎರಡೂ ಕಡೆಯಿಂದ ಬರುತ್ತಾರೆ. ಎದುರಿಗೆ ಬಂದವನು ನಾನು ತಪ್ಪು ದಾರಿಯಲ್ಲಿ ಇದ್ದೇನೆ ಅನ್ನುವ ಹಾಗೆ ನೋಡುತ್ತಾನೆ.

ಇನ್ನೊಂದು ಕಷ್ಟ, ಲಾರಿ ಟೈರಿನ ತಂತಿ. ಲಾರಿ ಟೈರ್ ಸಿಡಿದರೆ ಒಳಗಿನ ಉಕ್ಕಿನ ತಂತಿಯ ಚೂರುಗಳು ರಸ್ತೆಯ ಅಂಚಿಗೆ ಬಂದು ಸೇರುತ್ತವೆ. ಸೈಕಲ್ ಓಡುವುದೂ ಅಂಚಿನಲ್ಲೇ. ಆ ಚೂರು ಕಣ್ಣಿಗೆ ಕಾಣಿಸುವುದಿಲ್ಲ. ಟೈರಿನೊಳಗೆ ಹೊಕ್ಕು ಕೂತು, ನಿಧಾನಕ್ಕೆ ಟ್ಯೂಬಿಗೆ ತೂತು ಮಾಡುತ್ತದೆ. ಮೊಳೆ ಹೊಕ್ಕರೆ ಅಲ್ಲೇ ಗೊತ್ತಾಗುತ್ತದೆ. ಇದು ಹಾಗಲ್ಲ, ಐದಾರು ಕಿಲೋಮೀಟರ್ ಆದಮೇಲೆ ಗೊತ್ತಾಗುತ್ತದೆ. ನನಗೆ ಗೊತ್ತಾಗಿದ್ದು ಕಿರಂಗೂರಿನಲ್ಲಿ ತಿರುಗಿ, ಆಲೆಮನೆಯ ಬೆಲ್ಲದ ವಾಸನೆ ಶುರುವಾಗಿ, ಪಾಂಡವಪುರ ಇನ್ನೇನು ಬಂತು ಅನ್ನುವಾಗ. ಹಿಂದಿನ ಚಕ್ರ ಅತ್ತ ಇತ್ತ ಎಳೆಯುವುದಕ್ಕೆ ಶುರು ಮಾಡಿತು.

ಚಕ್ರ ಬಿಚ್ಚುವುದನ್ನು ನೋಡುತ್ತಾ ಇರಿ, ಅದಕ್ಕೆ ಮಾತು ಬೇಡ. ಒಂದು ಮಾತ್ರ ಹೇಳುತ್ತೇನೆ, ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನೊಳಗೆ ಬಟ್ಟೆ ಸವರಿ. ಬೆರಳು ಬೇಡ, ಚುಚ್ಚುತ್ತದೆ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಂತಿ ಇದೆ. ಅದನ್ನು ಕೀಳದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಗುತ್ತದೆ. ಅಗೋ, ಸಿಕ್ಕಿತು. ಜೂಮ್ ಮಾಡಿದ್ದೇನೆ, ಆದರೂ ಕಾಣಿಸುತ್ತಿಲ್ಲ. ಇಷ್ಟು ಸಣ್ಣ ವಸ್ತುವಿಗೆ ಒಂದೂವರೆ ಗಂಟೆ ಹೋಯಿತು.

ಒಂದೂವರೆ ಗಂಟೆ ಯಾಕೆ ಅಂದರೆ, ಹೊಸ ಟ್ಯೂಬ್ ಹಾಕಿ ಹ್ಯಾಂಡ್ ಪಂಪ್ ಹಚ್ಚಿದೆ, ಗಾಳಿ ಟ್ಯೂಬಿಗೆ ಹೋಗದೆ ನನ್ನ ಮುಖಕ್ಕೆ ಬರುತ್ತಿದೆ. ಪಂಪಿನ ಬಾಯಲ್ಲಿರುವ ರಬ್ಬರ್ ಸೀಳಿಹೋಗಿತ್ತು. ಎಂಟುನೂರು ರೂಪಾಯಿ ಕೊಟ್ಟ ಪಂಪ್! ಡಬ್ಬಿಯ ಮೇಲೆ ಮಡಚಿದರೆ ಅಂಗೈಯಲ್ಲಿ ಹಿಡಿಯುತ್ತದೆ ಅಂತ ಬರೆದಿದೆ. ಹೌದು, ಹಿಡಿಯುತ್ತದೆ. ಅದೊಂದೇ ಕೆಲಸ ಅದು ಸರಿಯಾಗಿ ಮಾಡಿದ್ದು. ನನ್ನ ಜೊತೆ ಬಂದವರು ಅಷ್ಟೊತ್ತಿಗೆ ಜಕ್ಕನಹಳ್ಳಿ ದಾಟಿದ್ದರು, ಫೋನ್ ಎತ್ತಲಿಲ್ಲ. ತಳ್ಳಿಕೊಂಡು ಹೋದೆ.

ಪಂಕ್ಚರ್ ಅಂಗಡಿ ಸಿಕ್ಕಿತು. ಆಗಷ್ಟೇ ಬಾಗಿಲು ತೆಗೆದು ನೀರು ಚಿಮುಕಿಸುತ್ತಿದ್ದರು. ಕಂಪ್ರೆಸರ್ ಇದೆ, ತೊಟ್ಟಿ ಇದೆ, ಎಲ್ಲಾ ಇದೆ. ನನ್ನ ವಾಲ್ವ್ ನೋಡಿ ಆ ಅಣ್ಣ ಕೇಳಿದರು, "ಏನಕ್ಕಾ ಇದು? ಗಾಳಿ ಹಾಕೋದು ಎಲ್ಲಿಗೆ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸೈಕಲ್ ಮಾರುವಾಗ ಯಾರೂ ಹೇಳುವುದಿಲ್ಲ. ನಮ್ಮ ಮಾಮೂಲಿ ಕಪ್ಪು ಸೈಕಲ್ಲಿನ ವಾಲ್ವಿನಲ್ಲಿ ವಾಲ್ ಟ್ಯೂಬ್ ಅಂತ ರಬ್ಬರಿನ ಪುಟ್ಟ ತುಂಡು ಇರುತ್ತದೆ. ಅದು ಹೋದರೆ ಯಾವ ಅಂಗಡಿಯಲ್ಲಾದರೂ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಸ್ಕೂಟರು, ಕಾರಿನದು ದಪ್ಪ ವಾಲ್ವ್, ಒಳಗೆ ಪಿನ್. ನನ್ನದು ಮೂರನೇ ಜಾತಿ, ಪ್ರೆಸ್ಟಾ ಅಂತಾರೆ. ಸಣ್ಣಗೆ, ಉದ್ದಕ್ಕೆ ಇರುತ್ತದೆ. ತುದಿಯಲ್ಲಿ ಪುಟ್ಟ ತಿರುಪು, ಅದನ್ನು ಸಡಿಲ ಮಾಡಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ರಿಮ್ ಕಿರಿದಾದರೆ ತೂತೂ ಚಿಕ್ಕದಿರಬೇಕು, ಅದಕ್ಕೇ ಈ ವಾಲ್ವ್ ಮಾಡಿದ್ದು. ಒಳಗಿನ ಗಾಳಿಯ ಒತ್ತಡವೇ ಅದನ್ನು ಮುಚ್ಚಿಡುತ್ತದೆ. ಜಾಣತನದ ವಸ್ತುವೇ. ಆದರೆ ಸ್ಕೂಟರಿಗೆ ಗಾಳಿ ಹಾಕುವ ನಳಿಕೆ ಅದಕ್ಕೆ ಕೂರುವುದಿಲ್ಲ. ನಡುವೆ ಒಂದು ಹಿತ್ತಾಳೆಯ ಅಡಾಪ್ಟರ್ ಬೇಕು. ಪಾಂಡವಪುರದ ದಾರಿಯಲ್ಲಿ ಭಾನುವಾರ ಬೆಳಿಗ್ಗೆ ಏಳಕ್ಕೆ ಅದು ಯಾರ ಹತ್ತಿರ ಇರುತ್ತದೆ?

ಅಣ್ಣ ಟ್ಯೂಬನ್ನು ಅಂಗೈಯಲ್ಲಿಟ್ಟುಕೊಂಡು ಸುಮಾರು ಹೊತ್ತು ನೋಡಿದರು. ಕಾಫಿ ಕುಡಿದರು. ಮತ್ತೆ ನೋಡಿದರು. ಆಮೇಲೆ ವಾಲ್ವಿನ ಪ್ಲಾಸ್ಟಿಕ್ ಕ್ಯಾಪ್ ತೆಗೆದು, ಬ್ಲೇಡಿನಲ್ಲಿ ಅದರ ತುದಿ ಕತ್ತರಿಸಿದರು. ಒಳಗೆ ದಾರಿ ಆಯಿತಲ್ಲ, ಅದನ್ನೇ ತಲೆಕೆಳಗು ಮಾಡಿ ವಾಲ್ವಿಗೆ ತಿರುಗಿಸಿದರು. ಅದರ ಮೇಲೆ ಸ್ಕೂಟರಿನ ನಳಿಕೆ ಒತ್ತಿ ಹಿಡಿದರು. ಗಾಳಿ ಹೋಯಿತು! ಒಳಗೆ ಹೋಯಿತು ಅಂದೆ. ಇದನ್ನು ಸೈಕಲ್ ಓಡಿಸುವವರು ಎಲ್ಲೆಲ್ಲೋ ಮಾಡುತ್ತಾರಂತೆ, ಮನೆಗೆ ಬಂದು ಹುಡುಕಿದಾಗ ಗೊತ್ತಾಯಿತು. ಅಣ್ಣ ಯಾವ ವಿಡಿಯೋನೂ ನೋಡಿರಲಿಲ್ಲ.

"ಎಷ್ಟು ಹಾಕ್ಲಿ?" ಅಂದರು.

"ಅರವತ್ತು ಹಾಕಿ ಅಣ್ಣ."

"ಸ್ಕೂಟರಿಗೇ ಮೂವತ್ತು ಸಾಕು. ಈ ಬಡಕಲು ಟೈರಿಗೆ ಅರವತ್ತಾ? ಸಿಡಿದ್ರೆ ನನ್ನ ಕೇಳ್ಬೇಡಿ."

ಬಡಕಲಾದ್ದರಿಂದಲೇ ಅಷ್ಟು ಬೇಕು. ಟೈರ್ ಸಣ್ಣದಾದರೆ ಒಳಗೆ ಗಾಳಿ ಕಡಿಮೆ ಹಿಡಿಯುತ್ತದೆ, ನಮ್ಮ ಭಾರ ಹೊರಬೇಕಾದರೆ ಒತ್ತಡ ಜಾಸ್ತಿ ಇರಬೇಕು. ಇಷ್ಟನ್ನೂ ನಾನು ಅವರಿಗೆ ವಿವರಿಸಿದೆ. ಅವರು "ಹೂಂ" ಅಂದು ಐವತ್ತಕ್ಕೆ ನಿಲ್ಲಿಸಿದರು. ಹಳೆಯ ಟ್ಯೂಬಿಗೆ ಪ್ಯಾಚ್ ಹಾಕಿದ್ದಕ್ಕೆ ನಲವತ್ತು, ಬ್ಲೇಡಿನ ಕೆಲಸಕ್ಕೆ ಇಪ್ಪತ್ತು, ಒಟ್ಟು ಅರವತ್ತು ರೂಪಾಯಿ. ಲೆಕ್ಕ ಸರಿಯಾಗಿಯೇ ಇದೆ, ನಾನು ಚೌಕಾಸಿ ಮಾಡಲಿಲ್ಲ. ಸಿಟಿಯಲ್ಲಿ ಇದೇ ಟ್ಯೂಬ್ ನಾನೂರೈವತ್ತು, ಹಾಕಿಕೊಡುವುದಕ್ಕೆ ಬೇರೆ ನೂರೈವತ್ತು. ಹಿತ್ತಾಳೆಯ ಅಡಾಪ್ಟರ್ ಇದೆಯಲ್ಲ, ಕಡಲೆಕಾಳಿನಷ್ಟು ಇರುತ್ತದೆ, ಅದಕ್ಕೆ ನೂರ ಇಪ್ಪತ್ತು ಅಂದರು. ಏನು, ಅದರೊಳಗೆ ಚಿನ್ನ ಇಟ್ಟಿದ್ದಾರಾ? ಕೊಂಡುಕೊಂಡೆ. ಬೇರೆ ದಾರಿ ಇರಲಿಲ್ಲ. ಈಗ ಹಿಂದಿನ ಚಕ್ರದ ವಾಲ್ವಿಗೆ ಅದನ್ನು ತಿರುಗಿಸಿಯೇ ಇಟ್ಟಿದ್ದೇನೆ. ಕಳೆದುಹೋಗುವುದು ಬೇಡ.

ಪ್ಯಾಚ್ ಒಣಗುವ ತನಕ ಮಾತಾಡುತ್ತಾ ಕೂತೆವು. ಈ ರೈಡ್ ಯಾಕೆ ಅಂತ ಕೇಳಿದರು, ಹೇಳಿದೆ. ಸರ್ಕಾರದ ಸೈಕಲ್ ಇದ್ದಾಗ ಬೆಳಿಗ್ಗೆ ಶಾಲೆಗೆ ಹೋಗುವ ಹೊತ್ತಿಗೆ ಅವರ ಅಂಗಡಿ ಮುಂದೆ ಮಕ್ಕಳ ಸಾಲೇ ಇರುತ್ತಿತ್ತಂತೆ. ಚೈನ್ ಕಳಚಿದ್ದು, ಗಾಳಿ ಇಳಿದದ್ದು. ಎಲ್ಲಾ ಒಂದೇ ಥರದ ಸೈಕಲ್ ಆದ್ದರಿಂದ ಸ್ಪೇರು ಒಂದೇ ಡಬ್ಬಿಯಲ್ಲಿ ಸಾಕಾಗುತ್ತಿತ್ತು. ಆಮೇಲೆ ಕೇಳಿದರು, "ನೀವು ಕೊಡೋದು ಎಂಥ ಸೈಕಲ್ಲು?"

ನಾನು ಫೋನಿನಲ್ಲಿ ನಮ್ಮ ಗುಂಪಿನಲ್ಲಿ ಬಂದ ಫೋಟೋ ತೋರಿಸಿದೆ. ಗೇರ್ ಸೈಕಲ್, ಸಣ್ಣ ಟೈರು, ಡಿಸ್ಕ್ ಬ್ರೇಕ್. ವಾಲ್ವ್ ಯಾವುದು ಅಂತ ಫೋಟೋದಲ್ಲಿ ಕಾಣಿಸುವುದಿಲ್ಲ. ಅಣ್ಣ ನೋಡಿ ಫೋನ್ ವಾಪಸ್ ಕೊಟ್ಟರು. "ಕೊಡಿ. ಕೆಟ್ಟುಹೋದ್ಮೇಲೆ ಮೈಸೂರಿಗೆ ಕಳಿಸ್ತಾರೆ" ಅಂದರು.

ನಾನು ಆವತ್ತೇ ಗುಂಪಿಗೆ ಬರೆದೆ. ಹಳ್ಳಿಯ ಮಕ್ಕಳಿಗೆ ಗೇರ್ ಸೈಕಲ್ ಬೇಡ. ದಪ್ಪ ಟೈರು, ಮಾಮೂಲಿ ವಾಲ್ವ್, ಹಿಂದೆ ಕ್ಯಾರಿಯರ್, ಚೈನಿಗೆ ಕವರ್. ಹಿಂದಿನ ಚಕ್ರದ ಹತ್ತಿರ ತೂಗುತ್ತಾ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಆ ಡಿರೇಲರ್ ಇದೆಯಲ್ಲ, ಸೈಕಲ್ ಬಲಗಡೆಗೆ ಒಂದು ಸಲ ಬಿದ್ದರೆ ಸಾಕು, ಬಗ್ಗುತ್ತದೆ. ಶಾಲೆಯ ಸ್ಟ್ಯಾಂಡಿನಲ್ಲಿ ಸೈಕಲ್ ದಿನಕ್ಕೆ ಎಷ್ಟು ಸಲ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಗೇರ್ ಸೈಕಲ್ ಕೊಡುವುದು ಫೋಟೋ ಚೆನ್ನಾಗಿ ಬರಲಿ ಅಂತ, ಅಷ್ಟೇ ಅಂತಲೂ ಬರೆದೆ. ಒಬ್ಬರು ಉತ್ತರ ಕೊಟ್ಟರು: "ಮಕ್ಕಳನ್ನೇ ಕೇಳಿದ್ವಿ ಮೇಡಂ, ಅವರು ಗೇರೇ ಬೇಕು ಅಂತಾರೆ." ಮಕ್ಕಳು ಐಸ್‌ಕ್ರೀಮೂ ಬೇಕು ಅಂತಾರೆ ಅಂತ ಟೈಪ್ ಮಾಡಿ ಅಳಿಸಿದೆ.

ಸರಿ, ಇದು ಇವತ್ತಿನದು, ಚಾಮುಂಡಿ ಬೆಟ್ಟ. ಆಷಾಢ ಶುಕ್ರವಾರಗಳಲ್ಲಿ ಈ ಕಡೆ ಬರುವ ಹಾಗೇ ಇರಲಿಲ್ಲ. ಖಾಸಗಿ ಗಾಡಿ ಬಿಡುವುದಿಲ್ಲ, ಜನಸಾಗರ. ಈಗ ಖಾಲಿ. ಮೆಟ್ಟಿಲು ಹತ್ತುವವರು ಆ ಕಡೆ ಸಾವಿರ ಮೆಟ್ಟಿಲು ಹತ್ತಲಿ, ನಾವು ರಸ್ತೆಯಲ್ಲಿ. ಉಸಿರಿನ ಸದ್ದಿಗೆ ಕ್ಷಮಿಸಿ, ಮ್ಯೂಟ್ ಮಾಡಿದರೆ ಏನೂ ಕಷ್ಟವಿಲ್ಲ ಅನ್ನುವ ಹಾಗೆ ಕಾಣಿಸುತ್ತದೆ, ಅದಕ್ಕೇ ಬಿಟ್ಟಿದ್ದೇನೆ.

ಮೇಲುಕೋಟೆಯ ಕಷ್ಟ ಏನೆಂದರೆ, ಏರು ಬರುವುದು ಐವತ್ತು ಕಿಲೋಮೀಟರಿನ ಕೊನೆಗೆ. ಕಾಲು ಆಗಲೇ ಸೋತಿರುತ್ತದೆ. ಅದಕ್ಕೇ ಇಲ್ಲಿ ಅಭ್ಯಾಸ. ಬೆಟ್ಟ ಸಿಟಿಯಿಂದ ಹೆಚ್ಚುಕಡಿಮೆ ಮುನ್ನೂರು ಮೀಟರ್ ಎತ್ತರ. ಒಂದೇ ಸಮನೆ ಏರು. ಗೇರ್ ಹಗುರಕ್ಕೆ ಹಾಕಿ, ಕಾಲು ಬೇಗ ಬೇಗ ತಿರುಗಿಸಬೇಕು. ಭಾರದ ಗೇರಿನಲ್ಲಿ ನಿಂತು ತುಳಿದರೆ ನೋಡುವುದಕ್ಕೆ ಚೆಂದ, ಮಂಡಿ ಹೋಗುತ್ತದೆ. ಈ ತಿರುವಿನಲ್ಲಿ ನೋಡಿ, ಕಟ್ ಅಂತ ಸದ್ದು ಬಂತಲ್ಲ, ಕೊನೆಯ ಗೇರಿಗೆ ಬಂದೆ. ಇನ್ನು ಕೆಳಗಿಲ್ಲ. ಇದಿಲ್ಲದಿದ್ದರೆ ನಾನು ಇಲ್ಲೇ ಇಳಿದು ತಳ್ಳುತ್ತಿದ್ದೆ.

ಹೌದು, ಗೊತ್ತು. ಈಗಷ್ಟೇ ಗೇರ್ ಬೇಡ ಅಂದೆ. ಮೇಲುಕೋಟೆ ಸುತ್ತಿನ ಹಳ್ಳಿ ಮಕ್ಕಳಿಗೂ ಏರು ಇದೆಯಲ್ಲ, ಬೆನ್ನಿಗೆ ಪುಸ್ತಕದ ಬ್ಯಾಗ್ ಬೇರೆ. ಕಪ್ಪು ಸೈಕಲ್ಲು ಭಾರ. ಕೆಳಗೆ ನಿಂತು ಹೇಳುವುದು ಸುಲಭ, ಇಲ್ಲಿ ಬಂದ ಮೇಲೆ ಮಾತು ಬದಲಾಗುತ್ತದೆ. ಸ್ಕೂಟರಿನ ವಾಲ್ವ್ ಇರುವ ಗೇರ್ ಸೈಕಲ್ಲುಗಳೂ ಸಿಗುತ್ತವೆ, ಕನಿಷ್ಠ ಅದನ್ನಾದರೂ ತೆಗೆದುಕೊಳ್ಳಿ ಅಂತ ಇವತ್ತು ಬರೆಯುತ್ತೇನೆ. ಡಿರೇಲರ್ ಬಗ್ಗಿದರೆ ಏನು ಮಾಡುವುದು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪಾಂಡವಪುರದ ಅಣ್ಣನಿಗೆ ಗೇರ್ ಕೆಲಸ ಕಲಿಸುವುದಕ್ಕೆ ನಾವು ದುಡ್ಡು ಎತ್ತಬಹುದಲ್ಲ? ಇದು ಈಗ ಹೊಳೆದದ್ದು. ಏರಿನಲ್ಲಿ ಹೊಳೆಯುವುದೆಲ್ಲ ಒಳ್ಳೆಯದೇ ಅನಿಸುತ್ತದೆ, ಇಳಿದ ಮೇಲೆ ನೋಡೋಣ.

ಬೆಟ್ಟದ ನಂದಿ ವಿಗ್ರಹದ ಕಡೆಗೆ ಇವತ್ತು ಹೋಗುತ್ತಿಲ್ಲ. ಆ ಭಾಗದ ರಸ್ತೆ 2021ರ ಮಳೆಗೆ ಕುಸಿದಿತ್ತು, ನೆನಪಿದ್ದರೆ. ನನಗೆ ಟೈಮೂ ಇಲ್ಲ, ಒಂಬತ್ತೂವರೆಗೆ ಆಫೀಸ್. ಇಳಿಯುವ ವಿಡಿಯೋದಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ, ಅದಕ್ಕೆ ಹಾಡು ಹಾಕಿದ್ದೇನೆ. ಅದಕ್ಕೆ ಮುಂಚೆ ಎರಡೇ ಮಾತು. ದೇಣಿಗೆಯ ಲಿಂಕ್ ಕೆಳಗಿದೆ. ಮತ್ತೆ, ಐನೂರರ ಒಳಗೆ ಒಳ್ಳೆ ಪಂಪ್ ಯಾವುದು ಅಂತ ಗೊತ್ತಿದ್ದವರು ಬರೆಯಿರಿ. ಅಂಗೈಯಲ್ಲಿ ಹಿಡಿಯದಿದ್ದರೂ ಪರವಾಗಿಲ್ಲ.