ಬೆಂಗಳೂರು–ಮಂಗಳೂರು: ವಿಮಾನಕ್ಕೆ ಒಂದು ಗಂಟೆ, ನಿಮಗೆ ಎಷ್ಟು?

[ಪರದೆ: ಕರ್ನಾಟಕದ ನಕ್ಷೆ. ಬೆಂಗಳೂರಿನಿಂದ ಮಂಗಳೂರಿಗೆ ನೇರ ಗೆರೆ]

ನಮಸ್ಕಾರ. ನಕ್ಷೆ ಮೇಲೆ ಸ್ಕೇಲ್ ಇಟ್ಟು ಬೆಂಗಳೂರಿನಿಂದ ಮಂಗಳೂರಿಗೆ ಗೆರೆ ಎಳೆದ್ರೆ ಸುಮಾರು 300 ಕಿ.ಮೀ. ರಸ್ತೆಯಲ್ಲಿ ಹೋದ್ರೆ 350ರ ಆಸುಪಾಸು. ವ್ಯತ್ಯಾಸ ಬರೀ 50. ಆದ್ರೂ ವಿಮಾನದ ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತಿರುತ್ತೆ, ಕಾರಲ್ಲಿ ಏಳು ಗಂಟೆ, ರಾತ್ರಿ ಬಸ್ಸಲ್ಲಿ ಎಂಟು.

ಆ ಒಂದು ಗಂಟೆ ವಿಮಾನದ್ದು, ನಮ್ಮದಲ್ಲ. ಲೆಕ್ಕ ಹಾಕೋಣ.

[ಪರದೆ: ಗಡಿಯಾರ, ಬೆಳಗ್ಗೆ 6]

ನಿಮ್ಮ ಮನೆ ಜಯನಗರ ಅಂತಿಟ್ಕೊಳ್ಳಿ. ಹೋಗಬೇಕಾದ್ದು ಪಶ್ಚಿಮಕ್ಕೆ, ಆದ್ರೆ ಮೊದಲು ಉತ್ತರಕ್ಕೆ, ವಿಮಾನ ನಿಲ್ದಾಣ ಇರೋ ದೇವನಹಳ್ಳಿ ಕಡೆ 40 ಕಿ.ಮೀ. ಹೋಗಬೇಕು. ದಾರಿಯಲ್ಲಿ ಹೆಬ್ಬಾಳದ ಟ್ರಾಫಿಕ್ ಕೃಪೆ ಇದ್ರೆ ಒಂದೂವರೆ ಗಂಟೆ. ವಿಮಾನ ಹೊರಡೋ ಒಂದು ಗಂಟೆ ಮುಂಚೆ ಲಗೇಜ್ ಕೌಂಟರ್ ಮುಚ್ಚುತ್ತೆ, ಹಾಗಾಗಿ ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಒಂದು ಗಂಟೆ. ಆಮೇಲೆ ಬ್ಯಾಗ್ ತಗೊಂಡು ಮಂಗಳೂರು ವಿಮಾನ ನಿಲ್ದಾಣ ಇರೋ ಬಜಪೆಯ ಗುಡ್ಡದಿಂದ ಪೇಟೆ ನಡುವಿನ ಹಂಪನಕಟ್ಟೆಗೆ ಇಳಿಯೋಕೆ ಇನ್ನೊಂದು ಗಂಟೆ. ಒಟ್ಟು ಐದು. ಕಾರಿಗಿಂತ ಉಳಿದದ್ದು ಎರಡೇ ಗಂಟೆ.

ಇನ್ನು ನಿಮ್ಮೂರು ಪುತ್ತೂರಾದ್ರೆ ಆ ಎರಡೂ ಉಳಿಯಲ್ಲ. ವಿಮಾನ ನಿಮ್ಮ ಸೀಮೆ ದಾಟಿ ಸಮುದ್ರದ ಹತ್ತಿರ ಇಳಿಸುತ್ತೆ, ಅಲ್ಲಿಂದ ಐವತ್ತು ಚಿಲ್ಲರೆ ಕಿ.ಮೀ. ವಾಪಸ್ ಬರಬೇಕು. ಬಸ್ಸಿನಲ್ಲಿ ಬಂದಿದ್ರೆ ಉಪ್ಪಿನಂಗಡಿಯಿಂದ ಮನೆ ಅರ್ಧ ಗಂಟೆ!

[ಪರದೆ: ಶಿರಾಡಿ ಘಾಟಿ, ಲಾರಿಗಳ ಸಾಲು]

ಸರಿ, ರಸ್ತೆಗೆ ಬರೋಣ. ಬೆಂಗಳೂರಿನಿಂದ ಬಸ್ ಹತ್ತಿದವರಿಗೆ ಊರಿಂದ ಫೋನ್ ಬಂದ್ರೆ ಎಷ್ಟು ಕಿ.ಮೀ. ಆಯ್ತು ಅಂತ ಯಾರೂ ಕೇಳಲ್ಲ. ಕೇಳೋದು ಒಂದೇ: "ಘಟ್ಟ ಇಳಿದ್ರಾ?" ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಅಲ್ಲಿವರೆಗೆ ಗಾಡಿ ಓಡುತ್ತೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿಂದ ಶಿರಾಡಿ ಘಾಟಿ ಇಳಿದು ಘಟ್ಟದ ಬುಡದ ಗುಂಡ್ಯಕ್ಕೆ ಬರೋದ್ರೊಳಗೆ ಆ ಎತ್ತರದ ಬಹುಪಾಲು ಇಳಿದಾಗಿರುತ್ತೆ. ಮುಂದೆ ಒಂದು ಟ್ಯಾಂಕರ್ ಸಿಕ್ಕಿದ್ರೆ, ಅದರ ವೇಗವೇ ನಿಮ್ಮ ವೇಗ. ಇಡೀ ಪ್ರಯಾಣದ ಹೊತ್ತು ನಿರ್ಧಾರ ಆಗೋದು ಈ ತುಂಡಿನಲ್ಲೇ.

2018ರಲ್ಲಿ ಕಾಂಕ್ರೀಟ್ ಹಾಕೋಕೆ ಅಂತ ಜನವರಿಯಿಂದ ಜುಲೈವರೆಗೆ ಶಿರಾಡಿ ಮುಚ್ಚಿದ್ರು. ತೆರೆದ ಮುಂದಿನ ತಿಂಗಳೇ, ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮತ್ತೆ ಬಂದ್. ಆಗ ಉಳಿಯೋದು ಕೊಟ್ಟಿಗೆಹಾರದ ಮೂಲಕ ಹೋಗೋ ಚಾರ್ಮಾಡಿ ಘಾಟಿ, ಇಲ್ಲಾ ಮಡಿಕೇರಿ ಮೂಲಕ ಹೋಗೋ ಸಂಪಾಜೆ ಘಾಟಿ. ಆ ವರ್ಷ ಸಂಪಾಜೆ ಕಡೆಯೂ ಗುಡ್ಡ ಜರಿದಿತ್ತು, ಅದು ಬೇರೆ ಕತೆ.

ರೈಲೂ ಇದೇ ಘಟ್ಟ ಇಳಿಯಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ 55 ಕಿ.ಮೀ., 57 ಸುರಂಗ, ಎರಡು ಗಂಟೆ ಮೇಲೆ ಬೇಕು. ಅವಸರದವರಿಗಲ್ಲ, ಆದ್ರೆ ಕಿಟಕಿ ಪಕ್ಕ ಸೀಟು ಸಿಕ್ಕಿದ್ರೆ ನಾನಂತೂ ಅದನ್ನೇ ಆರಿಸ್ಕೊಳ್ತೀನಿ.

[ಪರದೆ: ಮೋಡ ಕವಿದ ಬಜಪೆ ರನ್‌ವೇ]

ಮಳೆಗಾಲದಲ್ಲಿ ವಿಮಾನವೇ ಗ್ಯಾರಂಟಿ ಅನ್ಕೋಬೇಡಿ. ಗುಡ್ಡದ ತುದಿ ಕಡಿದು ಮಾಡಿದ ರನ್‌ವೇ ಅದು. ಮೋಡ ಕವಿದು ಕಾಣದೇ ಹೋದ್ರೆ ವಿಮಾನ ಮೇಲೆ ಸುತ್ತು ಹೊಡೆದು ಬೇರೆ ಊರಿಗೆ ಹೋಗಿ ಇಳಿಯೋದುಂಟು. ತುಳುನಾಡಿನ ಆಟಿ ತಿಂಗಳಲ್ಲಿ, ಅಂದ್ರೆ ಜುಲೈ–ಆಗಸ್ಟ್ ಹೊತ್ತಿಗೆ, ಹೇಗೂ ಮದುವೆ ಇರಲ್ಲ. ಇಂಟರ್‌ವ್ಯೂ, ಕೋರ್ಟ್ ಕೆಲಸ ಏನಾದ್ರೂ ಇದ್ರೆ ಹಿಂದಿನ ದಿನವೇ ಹೊರಟುಬಿಡಿ.