ಕಲೆಯಿಲ್ಲದ ಮಾವಿನೊಳಗೆ ಚಿಬ್ಬು ರೋಗ: ಮೊದಲೇ ಪತ್ತೆ ಹಚ್ಚುವುದು ಹೇಗೆ?

[ತೆರೆಯ ಮೇಲೆ: ಕ್ರೇಟಿನಲ್ಲಿ ಜೋಡಿಸಿದ ಬಾದಾಮಿ ಮಾವಿನ ಕಾಯಿಗಳು]

ನಮಸ್ಕಾರ. ಕೊಯ್ಯುವಾಗ ಒಂದು ಚುಕ್ಕೆಯೂ ಇಲ್ಲದ ಮಾವು ಹಣ್ಣಾಗುವಷ್ಟರಲ್ಲಿ ಕಪ್ಪು ಮಚ್ಚೆಗಳಿಂದ ತುಂಬುವುದೇಕೆ, ಅದನ್ನು ಮುಂಚೆಯೇ ತಿಳಿಯಲಾಗದೇ ಎಂದು ಬೆಳೆಗಾರ ವೀಕ್ಷಕರು ಕೇಳುತ್ತಲೇ ಇದ್ದಾರೆ.

ಇದು ಚಿಬ್ಬು ರೋಗ. ಕಾರಣ ಕೊಲೆಟೋಟ್ರೈಕಂ ಎಂಬ ಶಿಲೀಂಧ್ರ. ಮಚ್ಚೆ ಕಾಣುವುದು ಮಂಡಿಯಲ್ಲಾದರೂ ಸೋಂಕು ತಗುಲಿರುವುದು ತೋಟದಲ್ಲಿ. ಹೂವು, ಮಿಡಿಯ ಕಾಲದಲ್ಲಿ ಮಳೆ ಬಂದಾಗ ಬೀಜಕಣಗಳು ಕಾಯಿಗೆ ಅಂಟಿ, ಮೊಳೆತು, ಸಿಪ್ಪೆಯ ಹೊರಪದರವನ್ನು ಕೊರೆದು ಅಲ್ಲಿಯೇ ಸುಮ್ಮನಾಗುತ್ತವೆ. ಎಳೆಗಾಯಿಯ ಸಿಪ್ಪೆಯಲ್ಲಿ ಹೇರಳವಾಗಿರುವ ರಿಸಾರ್ಸಿನಾಲ್ ಗುಂಪಿನ ರಾಸಾಯನಿಕಗಳು ಶಿಲೀಂಧ್ರವನ್ನು ಮುಂದುವರಿಯಗೊಡುವುದಿಲ್ಲ. ಕಾಯಿ ಮಾಗಿದಂತೆ ಅವುಗಳ ಪ್ರಮಾಣ ಇಳಿಯುತ್ತದೆ.

[ತೆರೆಯ ಮೇಲೆ: ಮೊಳೆಯುತ್ತಿರುವ ಬೀಜಕಣದ ಸೂಕ್ಷ್ಮದರ್ಶಕ ಚಿತ್ರ]

ನನ್ನನ್ನು ತೀರಾ ಬೆರಗುಗೊಳಿಸಿದ ಸಂಗತಿ ಬೇರೆಯೇ ಇದೆ. ಕಾಯಿ ಮಾಗುವಾಗ ತಾನೇ ಹೊರಬಿಡುವ ಎಥಿಲೀನ್ ಅನಿಲವನ್ನು ಈ ಶಿಲೀಂಧ್ರ ಗ್ರಹಿಸುತ್ತದೆ ಎಂಬುದನ್ನು 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಎಥಿಲೀನ್ ತಗುಲಿದ ಬೀಜಕಣಗಳು ಮೊಳೆತು, ಕವಲೊಡೆದು, ಸಿಪ್ಪೆಯನ್ನು ಕೊರೆಯುವ ಅಂಗಗಳನ್ನು ಒಂದಕ್ಕಿಂತ ಹೆಚ್ಚು ರೂಪಿಸಿಕೊಂಡವು. ಎಥಿಲೀನ್ ಉತ್ಪಾದಿಸಲಾಗದಂತೆ ಮಾರ್ಪಡಿಸಿದ ಟೊಮೆಟೊ ಮೇಲೆ ಹಾಗಾಗಲಿಲ್ಲ; ಹೊರಗಿನಿಂದ ಎಥಿಲೀನ್ ಕೊಟ್ಟ ಕೂಡಲೇ ಆಯಿತು. ಅಂದರೆ ಹಣ್ಣನ್ನು ನಮಗೆ ಸಿಹಿಯಾಗಿಸುವ ಸಂಕೇತವೇ ಶಿಲೀಂಧ್ರಕ್ಕೂ ಹೊತ್ತು ತಿಳಿಸುತ್ತದೆ.

ಪತ್ತೆಯ ದಾರಿಯೂ ಇದರಲ್ಲಿಯೇ ಇದೆ. ಬಲಿತ ಕೆಲವು ಕಾಯಿಗಳನ್ನು ಮಾದರಿಗೆಂದು ತೆಗೆದು, ಎಥಿಲೀನ್ ಕೊಟ್ಟು, ತೇವವಿರುವ ಪೆಟ್ಟಿಗೆಯಲ್ಲಿ ಬೇಗ ಮಾಗಿಸಿದರೆ, ಉಳಿದ ಸರಕು ಹಣ್ಣಾಗುವ ಮುಂಚೆಯೇ ಸೋಂಕು ಎಷ್ಟಿದೆಯೆಂಬ ಅಂದಾಜು ಸಿಗುತ್ತದೆ. ಇದಕ್ಕೆ ನಿಷೇಧಿತ ಕ್ಯಾಲ್ಸಿಯಂ ಕಾರ್ಬೈಡನ್ನು ಖಂಡಿತ ಬಳಸಬಾರದು.

ಉಳಿದ ವಿಧಾನಗಳನ್ನು ಚುಟುಕಾಗಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಪ್ಲಮ್ ಜಾತಿಯ ಕಾಯಿಗಳನ್ನು ರಾತ್ರಿಯಿಡೀ ಹೆಪ್ಪುಗಟ್ಟಿಸಿ, ಬಳಿಕ ಕೋಣೆಯ ಉಷ್ಣತೆಯಲ್ಲಿಟ್ಟು, ಅಡಗಿದ ಶಿಲೀಂಧ್ರವನ್ನು ಹೊರತರುವ ಪದ್ಧತಿಯಿದೆ. ಕಿತ್ತಳೆಯ ಪ್ಯಾಕಿಂಗ್ ಕೇಂದ್ರಗಳಲ್ಲಿ ಕತ್ತಲೆಯಲ್ಲಿ ನೇರಳಾತೀತ ಬೆಳಕು ಹಾಯಿಸಿದಾಗ ಕೊಳೆಯತೊಡಗಿದ ಭಾಗ ಹೊಳೆಯುತ್ತದೆ, ಆದರೆ ಬರೀ ತರಚುಗಾಯವೂ ಹೊಳೆಯಬಹುದು. ಪಿಸಿಆರ್ ಪರೀಕ್ಷೆ ಶಿಲೀಂಧ್ರದ ಡಿಎನ್ಎಯನ್ನೇ ಗುರುತಿಸುತ್ತದೆಯಾದರೂ, ಪರೀಕ್ಷಿಸಿದ ಹಣ್ಣನ್ನು ಮಾರಲಾಗದು.

ನಮ್ಮ ಸಣ್ಣ ಬೆಳೆಗಾರರಿಗೆ ಮಾದರಿ ಮಾಗಿಸುವ ವಿಧಾನವೇ ಸೂಕ್ತವೆಂಬುದು ನನ್ನ ದೃಢ ಅಭಿಪ್ರಾಯ. ಮಾದರಿಯಲ್ಲಿ ಮಚ್ಚೆ ಹೆಚ್ಚಿದ್ದರೆ ಆ ತೋಟದ ಕಾಯಿಗಳನ್ನು ಕೊಯ್ದ ಕೂಡಲೇ 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ನಿಮಿಷ ಅದ್ದಿ, ತಣಿಸಿ, ಒಣಗಿಸಿ, ದೂರದ ಊರಿಗೆ ಕಳಿಸದೆ ಹತ್ತಿರದ ಮಾರುಕಟ್ಟೆಯಲ್ಲಿಯೇ ಮಾರುವುದು ಒಳ್ಳೆಯದು.