ಮೆಟ್ಟಿಲ ಮೇಲಿನ ಸೂಟ್‌ಕೇಸು

ಕೇಳುಗರಿಗೆ ನಮಸ್ಕಾರ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಹಿರಿಯರು ಹೇಳಿಬಿಟ್ಟಿದ್ದಾರೆ. ಪಾಪ, ಅವರ ಕಾಲದಲ್ಲಿ ಸೂಟ್‌ಕೇಸು ಇರಲಿಲ್ಲ ಅಂತ ಕಾಣುತ್ತದೆ.

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1996ರಿಂದ 2005ರವರೆಗೆ ‘ಎವೆರಿಬಡಿ ಲವ್ಸ್ ರೇಮಂಡ್’ ಎಂಬ ಹಾಸ್ಯ ಧಾರಾವಾಹಿ ಬರುತ್ತಿತ್ತು. ಒಟ್ಟು 210 ಕಂತು. ರೇಮಂಡ್ ಪತ್ರಿಕೆಗೆ ಕ್ರೀಡಾ ಲೇಖನ ಬರೆಯುವವನು. ಹೆಂಡತಿ ಡೆಬ್ರಾ, ಮೂವರು ಮಕ್ಕಳು, ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ಮನೆ. ರಸ್ತೆ ದಾಟಿದರೆ ಎದುರಿಗೇ ಅವನ ಅಪ್ಪ ಫ್ರಾಂಕ್, ಅಮ್ಮ ಮರೀ. ಮಗನ ಮನೆಯ ಬಾಗಿಲು ತಟ್ಟಿ ಒಳಗೆ ಬರುವ ಅಭ್ಯಾಸ ಇಬ್ಬರಿಗೂ ಇಲ್ಲ. ಇಷ್ಟು ಹೇಳಿದ ಮೇಲೆ ಕಥೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲೊಂದು ಕಂತು. ಗಂಡ ಹೆಂಡತಿ ಪ್ರವಾಸ ಮುಗಿಸಿ ಬಂದಿದ್ದಾರೆ. ಸೂಟ್‌ಕೇಸು ಮೆಟ್ಟಿಲ ನಡುವೆ ಕೂತಿದೆ. ಅವಳು ಒಯ್ಯಲಿ ಅಂತ ಇವನು, ಇವನು ಒಯ್ಯಲಿ ಅಂತ ಅವಳು. ಮೂರು ವಾರ! ದಿನವೂ ಅದನ್ನು ದಾಟಿಕೊಂಡೇ ಹತ್ತುತ್ತಾರೆ, ಇಳಿಯುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ವಾಸನೆ ತಡೆಯಲಾರದೆ ಅವಳೇ ಎತ್ತಿಡಲಿ ಅಂತ ರೇಮಂಡ್ ಅದರೊಳಗೆ ನಾರುವ ಚೀಸ್ ಇಡುತ್ತಾನೆ. ಕೊನೆಗೆ ಬುದ್ಧಿ ಹೇಳುವುದಕ್ಕೆ ಬರುವವಳು ಯಾರು? ಅತ್ತೆ. ತನ್ನ ಮನೆಯ ಗೋಡೆಯಲ್ಲಿ ತೂಗುವ ದೊಡ್ಡ ಮರದ ಚಮಚ ಮತ್ತು ಫೋರ್ಕು ಅಂಥದೇ ಒಂದು ಹಳೇ ಹಟದ ಗುರುತು ಅಂತ ಮರೀ ಸೊಸೆಗೆ ಹೇಳುತ್ತಾಳೆ. ವರ್ಷಗಟ್ಟಲೆ ನೋಡುಗರು ಅಲಂಕಾರ ಅಂದುಕೊಂಡಿದ್ದ ವಸ್ತು ಅದು. ಆಮೇಲೆ ಗಂಡ ಹೆಂಡತಿ ರಾಜಿಯಾದರೋ? ‘ನಾನೇ ಒಯ್ಯುತ್ತೇನೆ’ ‘ಇಲ್ಲ, ನಾನೇ’ ಅಂತ ಅದೇ ಮೆಟ್ಟಿಲ ಮೇಲೆ ಎಳೆದಾಡುತ್ತಾರೆ.

ನಮ್ಮ ಮನೆಯದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಒಂದು ಮದುವೆಯಿಂದ ತಂದ ತಾಂಬೂಲದ ಚೀಲ ಅಡುಗೆಮನೆ ಬಾಗಿಲ ಹಿಂದೆ ನೇತಾಡುತ್ತಿತ್ತು. ಒಂಬತ್ತನೆಯ ದಿನ ವೀಳ್ಯದೆಲೆ ಕೊಳೆತು ರಸ ಸೋರಿತು. ಸೋರಿದ್ದನ್ನು ಒರೆಸಿದೆವು. ಚೀಲ ಅಲ್ಲೇ ಇತ್ತು.

ಈ ಧಾರಾವಾಹಿಯ ಅತ್ತೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಎಷ್ಟೋ ಧಾರಾವಾಹಿಗಳಲ್ಲಿ ಅತ್ತೆ ಹುಬ್ಬೇರಿಸಿದರೆ ಗುಡುಗು ಕೇಳಿಸುತ್ತದೆ, ಹಾಲಿಗೆ ವಿಷ ಬೀಳುತ್ತದೆ. ಮರೀ ಅಷ್ಟು ದಡ್ಡಿಯಲ್ಲ. ಸೊಸೆಗೆ ತನ್ನ ಕೈರುಚಿಯ ಮಾಂಸದುಂಡೆ ಮಾಡುವುದನ್ನು ಪ್ರೀತಿಯಿಂದ ಕಲಿಸಿಕೊಡುತ್ತಾಳೆ. ಆದರೆ ಒಂದು ಮಸಾಲೆ ಡಬ್ಬಿಯ ಚೀಟಿ ಮಾತ್ರ ಬದಲಾಗಿರುತ್ತದೆ! ಸಾರಿನಪುಡಿಯ ಅಳತೆಯನ್ನು ‘ಕಣ್ಣಂದಾಜು ಕಣಮ್ಮ’ ಅಂತ ತೇಲಿಸಿಬಿಡುವ ಅತ್ತೆಯಂದಿರು ಈಗ ನಗುತ್ತಿರಬಹುದು.

ಇಷ್ಟು ಸಣ್ಣ ಸಣ್ಣ ವಿಷಯ ಸಿಗುತ್ತಿದ್ದುದು ಎಲ್ಲಿಂದ? ಮನೆಯಿಂದಲೇ. ಧಾರಾವಾಹಿಯ ರೂವಾರಿ ಫಿಲಿಪ್ ರೋಸೆಂಥಾಲ್ ತನ್ನ ತಂದೆತಾಯಿಗೆ ತಿಂಗಳು ತಿಂಗಳು ಹಣ್ಣಿನ ಪೆಟ್ಟಿಗೆ ಬರುವಂತೆ ಉಡುಗೊರೆ ಕೊಟ್ಟಿದ್ದ. ಇಷ್ಟೊಂದು ಹಣ್ಣು ಏನು ಮಾಡಲಿ ಅಂತ ಅಮ್ಮ ಹೌಹಾರಿದಳು. ಅದೇ ಮೊದಲ ಕಂತಿಗೆ ಹೋಯಿತು.

ಮುಂದೆ ರಷ್ಯಾದವರು ಇದನ್ನು ತಮ್ಮ ಭಾಷೆಗೆ ತಂದರು. ಸಹಾಯಕ್ಕೆ ಹೋದ ರೋಸೆಂಥಾಲ್‌ಗೆ ಅಲ್ಲಿನ ವಸ್ತ್ರವಿನ್ಯಾಸಕಿಯ ಜೊತೆಯೇ ಜಟಾಪಟಿ. ಮನೆ ಗುಡಿಸುವ ಹೆಂಗಸಿಗೂ ಥಳಕಿನ ಉಡುಪೇ ಆಗಬೇಕು ಅಂತ ಆಕೆಯ ಹಟ. ಜರಿ ಸೀರೆ ಉಟ್ಟು ದೋಸೆ ಹುಯ್ಯುವ ನಾಯಕಿಯರನ್ನು ಕಂಡ ನಮಗೆ ಇದೇನು ಹೊಸದೇ! 2015ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಸುಮಿತ್ ಸಂಭಾಲ್ ಲೇಗಾ’ ಎಂಬ ಹೆಸರಿನಲ್ಲಿ ಇದು ಹಿಂದಿಗೂ ಬಂತು. ನಮ್ಮ ದೇಶದಲ್ಲಿ ಅತ್ತೆ ಮಾವ ಎದುರು ಮನೆಯಲ್ಲಿದ್ದಾರೆ ಅಂದರೆ ಎಷ್ಟೋ ಸೊಸೆಯಂದಿರು ‘ಅಷ್ಟು ದೂರವೇ, ಪುಣ್ಯವಂತೆ’ ಅಂದಾರು.

ಈ ಭಾಷಣ ಬರೆದು ಮುಗಿಸಿ ನನ್ನವಳಿಗೆ ಓದಿ ತೋರಿಸಿದೆ. ಪೂರ್ತಿ ಕೇಳಿದಳು. ನಗಲಿಲ್ಲ. ‘ಆ ಚೀಲ ಅಲ್ಲಿ ನೇತುಹಾಕಿದ್ದು ಯಾರು ಅನ್ನೋದನ್ನ ಬರೆದೇ ಇಲ್ವಲ್ರೀ?’ ಅಂದಳು.

ನನಗೆ ಕೊಟ್ಟ ಸಮಯ ಮುಗಿಯಿತು. ನಮಸ್ಕಾರ.